ಮಂಜಪ್ಪ ಮಾವನ ಬದಿಯ ಗ್ಲಾಸು

ಮಂಜಪ್ಪ ಮಾವನ ಅಂಗಿಯ ಎಡತೋಳು ಮಳೆಗಾಲ ಪೂರ್ತಿ ಒದ್ದೆ. ಬಲತೋಳು ಇಸ್ತ್ರಿ ಮಾಡಿದ ಹಾಗೇ ಗರಿಗರಿ ಇರುತ್ತಿತ್ತು, ಎಡತೋಳು ಹಿಂಡಿದರೆ ನೀರು ಬರುತ್ತಿತ್ತು. ಬೇಸಿಗೆಯಲ್ಲಿ ಅದೇ ಎಡಗೈ ಮೊಣಕೈತನಕ ಕರ್ರಗೆ ಸುಟ್ಟಿರುತ್ತಿತ್ತು. ಕಾರಣ ನನ್ನ ಕಾರು. ಅಲ್ಲ, ಕಾರಣ ಅವರ ಹಟ. ನನ್ನ ಪಕ್ಕದ ಸೀಟಿನಲ್ಲಿ ಕೂತ ತಕ್ಷಣ ಗ್ಲಾಸು ಪೂರ್ತಿ ಇಳಿಸಿ, ಮೊಣಕೈ ಹೊರಗೆ ಹಾಕಿ, ಮೂಗನ್ನೂ ಹೊರಗೆ ಚಾಚಿಕೊಂಡು ಕೂರುವುದು ಅವರ ಪದ್ಧತಿ. ಜಡಿಮಳೆ ಹೊಯ್ಯುತ್ತಿದ್ದರೂ ಅಷ್ಟೇ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಜಾವಳಿಯಲ್ಲಿ ಅವರ ಕಾಫಿ ತೋಟಕ್ಕೂ ನಮ್ಮದಕ್ಕೂ ನಡುವೆ ಒಂದು ಬೇಲಿ. ನಮ್ಮ ತೋಟ ನೋಡಿಕೊಳ್ಳುವವಳು ನಾನೇ ಆದ್ದರಿಂದ ಮೂಡಿಗೆರೆ, ಆಲ್ದೂರು ಅಂತ ಓಡಾಟ ತಪ್ಪುತ್ತಿರಲಿಲ್ಲ. ಮಂಡಿನೋವಿನಿಂದ ಜೀಪಿನ ಕ್ಲಚ್ಚು ತುಳಿಯಲಾಗದೆ ಹೋದಮೇಲೆ ಮಾವ ನನ್ನ ಕಾರಿಗೆ ಕಾಯಂ ಗಿರಾಕಿಯಾದರು. ಆ ಜೀಪಿಗಾದರೋ ಪಕ್ಕಕ್ಕೆ ಗ್ಲಾಸೇ ಇರಲಿಲ್ಲ, ಟಾರ್ಪಾಲಿನ ಪರದೆ ಅಷ್ಟೇ. ನನ್ನದು ಹೊಸ ಕಾರು, ಗ್ಲಾಸು ಇತ್ತು. ಅದಕ್ಕಿಂತ ದೊಡ್ಡ ಶನಿ ಒಂದಿತ್ತು, ಆಟೋ ಎಸಿ.

ಚಿಕ್ಕಮಗಳೂರಿನ ಷೋರೂಮಿನಲ್ಲಿ ಟೈ ಕಟ್ಟಿಕೊಂಡಿದ್ದ ಮಹಾನುಭಾವನೊಬ್ಬ, "ಮೇಡಂ, ಇಪ್ಪತ್ತೆರಡಕ್ಕೆ ಇಟ್ಟು ಆಟೋ ಒತ್ತಿ ಮರೆತುಬಿಡಿ. ಬಿಸಿಲು, ಮಳೆ, ಚಳಿ ಎಲ್ಲ ಅದೇ ನೋಡ್ಕೊಳ್ಳತ್ತೆ" ಅಂದಿದ್ದ. ಮರೆಯುವುದಂತೆ! ಅವನನ್ನು ಒಂದು ಸಲ ಕೊಟ್ಟಿಗೆಹಾರದ ರಸ್ತೆಯಲ್ಲಿ ಕೂರಿಸಿಕೊಂಡು ಹೋಗಬೇಕಿತ್ತು. ನಮ್ಮ ಕಡೆ ಒಂದು ತಿರುವಿನಲ್ಲಿ ಬಿಸಿಲು, ಮುಂದಿನ ತಿರುವಿನಲ್ಲಿ ಮಂಜು, ಅದರಾಚೆ ಮಳೆ. ಒಂದಿಷ್ಟು ಬಿಸಿಲು ಬಿತ್ತೋ, ಫ್ಯಾನು ಭರ್ರೋ ಅಂತ ಶುರು. ಮರದ ನೆರಳು ಬಂತೋ, ಸತ್ತ ಹಾಗೆ ಸುಮ್ಮನೆ. ಮುಖಕ್ಕೆ ಗಾಳಿ ಬೇಕು ಅಂದರೆ ಕಾಲಿಗೆ ಊದುತ್ತದೆ. ಗ್ಲಾಸಿಗೆಲ್ಲ ಮಬ್ಬು ಕಟ್ಟಿ ರಸ್ತೆಯೇ ಕಾಣದಿರುವಾಗ ಅದು ನಮ್ಮನ್ನು ತಂಪು ಮಾಡುವ ಧ್ಯಾನದಲ್ಲಿರುತ್ತದೆ. ಕಡಿಮೆ ಮಾಡೋಣ ಅಂದರೆ ತಿರುಗಿಸಲು ಒಂದು ಗುಂಡಿ ಇಲ್ಲ. ಪರದೆಯ ಮೇಲೆ ಒಂದು ಚಿತ್ರ ಒತ್ತಬೇಕು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಒದ್ದೆ ಬೆರಳಿಗೆ ಅದು ಜಪ್ಪಯ್ಯ ಅನ್ನುವುದಿಲ್ಲ. ಹೇಗೋ ಒದ್ದಾಡಿ ಒಂದು ಹದಕ್ಕೆ ತಂದಿಟ್ಟರೆ, ಪೆಟ್ರೋಲ್ ಹಾಕಿಸಿ ಮತ್ತೆ ಸ್ಟಾರ್ಟ್ ಮಾಡುವಷ್ಟರಲ್ಲಿ ತನ್ನ ಹಳೇ ಚಾಳಿಗೆ ಹೋಗಿರುತ್ತದೆ. ಸರ್ವೀಸಿಗೆ ಬಿಟ್ಟಾಗಲೆಲ್ಲ ಜಗಳ ಆಡಿದೆ. "ಪ್ರಾಬ್ಲಂ ಏನೂ ಇಲ್ಲ ಮೇಡಂ, ಆಟೋದಲ್ಲೇ ಬಿಡಿ" ಅನ್ನುವುದು ಬಿಟ್ಟರೆ ಅವರ ಬಾಯಲ್ಲಿ ಬೇರೆ ಮಾತಿಲ್ಲ.

ಮಾವ ಅದಕ್ಕೆ ಮೊದಲ ದಿನವೇ ಹೆಸರಿಟ್ಟರು, ರೈಟ್ರು ಅಂತ. ತೋಟದಲ್ಲಿ ಆಳುಗಳ ಹಾಜರಿ, ಕೆಲಸ ನೋಡಿಕೊಳ್ಳುವವರನ್ನು ನಮ್ಮಲ್ಲಿ ರೈಟ್ರು ಅನ್ನುತ್ತೇವೆ. ಹಿಂದೆ ಮಾವನ ತೋಟದಲ್ಲಿ ಒಬ್ಬರಿದ್ದರಂತೆ, ಹೇಳಿದ ಕೆಲಸವೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿಸುವವರು. ಗಿಡ ಕಸಿ ಮಾಡಿ ಅಂದರೆ ಚರಂಡಿ ತೆಗೆಸುವುದು, ಚರಂಡಿ ಅಂದರೆ ಬೇಲಿ ಕಟ್ಟಿಸುವುದು. ಅವರೇ ಸತ್ತು ನನ್ನ ಕಾರಿನಲ್ಲಿ ಹುಟ್ಟಿದ್ದಾರೆ ಅಂತ ಮಾವನ ತೀರ್ಮಾನ.

"ಏನ್ ರೈಟ್ರೇ, ಯಾರನ್ನ ಕೇಳಿ ಗಾಳಿ ಜೋರು ಮಾಡಿದ್ರಿ?" ಅಂತ ಪರದೆಯ ಹತ್ತಿರ ಬಗ್ಗಿ ಕೇಳುವರು.

"ಮಾವ, ನೀವು ಗ್ಲಾಸ್ ತೆಗೆದಿದ್ದಕ್ಕೇ ಅದು ಜೋರಾಗಿದ್ದು. ಹೊರಗಿನ ಗಾಳಿ ಬಂದ್ರೆ ಅದರ ತಲೆ ಕೆಡ್ತದೆ. ಏರಿಸಿ ಮೊದಲು."

"ಕೆಡ್ಲಿ ಬಿಡು. ನಾನು ಉಸಿರಾಡಕ್ಕೆ ಅವರ ಪರ್ಮಿಷನ್ ಬೇಕಾ?"

ಉಸಿರಾಟದ್ದು ನೆಪ ಅಷ್ಟೇ. ಅವರಿಗೆ ಬೇಕಾಗಿದ್ದದ್ದು ವಾಸನೆ. ಮಾವನ ಮೂಗು ಸುತ್ತಮುತ್ತ ಹೆಸರುವಾಸಿ, ಅಥವಾ ಹೆಸರುವಾಸಿ ಅಂತ ಅವರೇ ಎಲ್ಲರಿಗೂ ಹೇಳಿಟ್ಟಿದ್ದರು. ಓಡುವ ಕಾರಿನಲ್ಲಿ ಕೂತು, "ಇವರ ಹಣ್ಣು ನಿನ್ನೆನೇ ಪಲ್ಪ್ ಆಗ್ಬೇಕಿತ್ತು", "ಇವನು ಮೆಣಸು ಸರಿಯಾಗಿ ಒಣಗಿಸಿಲ್ಲ", "ಇಲ್ಲಿ ಬೆಳಿಗ್ಗೆ ಮಳೆ ಬಿದ್ದಿದೆ" ಅಂತ ಒಬ್ಬೊಬ್ಬರ ತೋಟದ ಗೇಟಿನ ಮುಂದೆಯೂ ಒಂದೊಂದು ತೀರ್ಪು. ಕೊಯ್ಲಿನ ಕಾಲದಲ್ಲಿ ನೆರೆಯವರು ಕರೆದುಕೊಂಡು ಹೋಗಿ ಟ್ಯಾಂಕಿನ ಮುಂದೆ ನಿಲ್ಲಿಸುತ್ತಿದ್ದರು. ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಬಿಡಿಸಿದ ಕಾಫಿ ಬೀಜ ಟ್ಯಾಂಕಿನಲ್ಲಿ ಹುದುಗು ಬಂದು ಲೋಳೆ ಬಿಡಬೇಕು. ಬೇಗ ತೊಳೆದರೂ ಕೆಟ್ಟಿತು, ತಡವಾದರೆ ಹುಳಿ ಹೊಡೆಯಿತು. ಉಳಿದವರು ಟ್ಯಾಂಕಿಗೆ ಕೈ ಹಾಕಿ ಬೀಜ ಉಜ್ಜಿ ನೋಡಿದರೆ ಮಾವ ಕೈ ಹಿಂದೆ ಕಟ್ಟಿಕೊಂಡು, ಸ್ವಲ್ಪ ಬಗ್ಗಿ, "ಈಗ ತೊಳೀರಿ" ಅನ್ನುತ್ತಿದ್ದರು. ಆ ಒಂದು ಮಾತಿಗೋಸ್ಕರ ಅವರು ಬದುಕಿದ್ದರು ಅಂದರೂ ತಪ್ಪಿಲ್ಲ.

ಹಾಗಂತ ಎಲ್ಲ ಸರಿ ಹೇಳುತ್ತಿದ್ದರು ಅಂತ ಅಲ್ಲ. ಒಂದು ಸಲ ಮೂಡಿಗೆರೆ ದಾರಿಯಲ್ಲಿ ಮೂಗರಳಿಸಿ, "ಯಾವನೋ ಪಲ್ಪರ್ ಬೆಲ್ಟ್ ಸುಟ್ಟ. ಪಕ್ಕದ ತೋಟದವನೇ. ಜಿಪುಣ, ಹೊಸ ಬೆಲ್ಟ್ ಹಾಕಲ್ಲ" ಅಂತ ಆ ಮನುಷ್ಯನ ಅಜ್ಜನವರೆಗೂ ಹೋಗಿ ಬೈದರು. ಸುಟ್ಟಿದ್ದು ನಮ್ಮದೇ ಕಾರು. ನಾನು ಹ್ಯಾಂಡ್ ಬ್ರೇಕ್ ಬಿಟ್ಟಿರಲಿಲ್ಲ. ನಾನು ನಕ್ಕಿದ್ದಕ್ಕೆ, "ಸುಟ್ಟ ವಾಸನೆ ಅಂದ್ನೋ ಇಲ್ವೋ? ಯಾರ್ದು ಅನ್ನೋದು ಬೇರೆ ವಿಷಯ" ಅಂದರು.

ಇನ್ನೊಂದು ಸಲದ್ದನ್ನು ಅವರು ಸಾಯುವತನಕ ಎತ್ತಿ ಆಡಿ ನನ್ನನ್ನು ಹಂಗಿಸಿದರು. ಆಲ್ದೂರಿನಲ್ಲಿ ನಾವು ಕಾಫಿ ಕೊಡುವುದು ಹಮೀದಣ್ಣನಿಗೆ. ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಸ್ಯಾಂಪಲ್ಲನ್ನು ಬಟ್ಟೆ ಚೀಲದಲ್ಲಿ ಕಟ್ಟಿ, ಹಿಂದಿನ ಸೀಟಿನಲ್ಲಿಟ್ಟುಕೊಂಡು ಹೊರಟಿದ್ದೆ. ಅವತ್ತು ನನಗೂ ಪಿತ್ತ ನೆತ್ತಿಗೇರಿತ್ತು. "ಇವತ್ತು ಗ್ಲಾಸ್ ಇಳಿಸಿದ್ರೆ ಇಲ್ಲೇ ಇಳಿಸಿ ಹೋಗ್ತೀನಿ ನೋಡಿ" ಅಂದೆ. ಮಾವ ಆಲ್ದೂರಿನವರೆಗೂ ಮುಖ ಊದಿಸಿಕೊಂಡು ಕೂತರು. ನಾಲ್ಕೂ ಗ್ಲಾಸು ಬಂದ್. ರೈಟ್ರು ಹೊರಗಿನ ಗಾಳಿ ನಿಲ್ಲಿಸಿ ಒಳಗಿನದನ್ನೇ ಸುತ್ತಿಸಿ ಸುತ್ತಿಸಿ ಕಳಿಸುತ್ತಿದ್ದರು. ಗಾಳಿ ಬರುವ ಕಿಂಡಿಗೆ ನಾನೇ ಆಸೆಪಟ್ಟು ಸಿಕ್ಕಿಸಿದ್ದ ಸೆಂಟಿನ ಬಾಟಲಿ ಒಂದಿತ್ತು.

ಹಮೀದಣ್ಣ ಚೀಲ ಬಿಚ್ಚಿ, ಒಂದು ಹಿಡಿ ತೆಗೆದು ಮೂಗಿಗೆ ಹಿಡಿದರು. ಮತ್ತೆ ಹಿಡಿದರು. ಆಮೇಲೆ ಬಹಳ ಮರ್ಯಾದೆಯಿಂದ, "ಅಕ್ಕ, ಇದನ್ನ ಕಣದಲ್ಲಿ ಒಣಗಿಸಿದ್ರಾ, ಮದುವೆ ಚಪ್ಪರದಲ್ಲಾ?" ಅಂದರು. ಕಾಫಿ ಅಂದರೆ ಪಕ್ಕದಲ್ಲಿ ಏನಿಟ್ಟರೆ ಅದರ ವಾಸನೆ ಹೀರುವ ಮಾಲು. ಅದು ನನಗೆ ಗೊತ್ತಿಲ್ಲದ್ದೇನಲ್ಲ, ಆದರೆ ಕಾರಿನಲ್ಲಿ ಅದು ಹೊಳೆಯಬೇಕಲ್ಲ! ಮಾವ ಅಂಗಡಿಯ ಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಮೀದ, ಅವಳನ್ನ ಬಯ್ಬೇಡ. ಎಲ್ಲ ನಮ್ಮ ರೈಟ್ರ ಕೆಲಸ" ಅಂದರು. ವಾಪಸ್ ಬರುವಾಗ ಗ್ಲಾಸು ಪೂರ್ತಿ ಕೆಳಗೆ.

ಆಮೇಲೊಂದು ಮಳೆಗಾಲ ಮಾವನಿಗೆ ಕೆಟ್ಟ ಜ್ವರ ಬಂತು. ಹಾಸಿಗೆ ಹಿಡಿದು, ಸೊರಗಿ, ಗೌರಿಹಬ್ಬದ ಹೊತ್ತಿಗೆ ಎದ್ದು ಓಡಾಡುವಂತಾದರು. ಮತ್ತೆ ನನ್ನ ಕಾರಿನಲ್ಲಿ ಬಂದು ಕೂತರು, ಗ್ಲಾಸು ಇಳಿಸಿದರು, ಮೊಣಕೈ ಹೊರಗಿಟ್ಟರು. ತೀರ್ಪುಗಳು ಮಾತ್ರ ಕಡಿಮೆಯಾಗಿದ್ದವು. ಸುಸ್ತಿರಬೇಕು ಅಂದುಕೊಂಡೆ. ಪುಣ್ಯಕ್ಕೆ ಬಾಯಿ ಸುಮ್ಮನಿದೆ ಅಂತಲೂ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಆ ವರ್ಷದ ಕೊಯ್ಲಿನಲ್ಲಿ ನಮ್ಮ ಟ್ಯಾಂಕು ನೋಡಲು ಬಂದರು. ಎಂದಿನಂತೆ ಕೈ ಹಿಂದೆ ಕಟ್ಟಿ, ಬಗ್ಗಿ, ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತೇ ನಿಂತರು. "ಇನ್ನೂ ಬಂದಿಲ್ಲ. ನಾಳೆ ಬೆಳಿಗ್ಗೆ ತೊಳೀರಿ" ಅಂದರು. ನನಗೆ ಆಗಲೇ ಹುಳಿ ಅನ್ನಿಸಿತ್ತು. ನಮ್ಮ ತೋಟದ ಮೇಸ್ತ್ರಿಯೂ ನನ್ನ ಮುಖ ನೋಡಿದ. ಆದರೆ ಮಂಜಪ್ಪ ಗೌಡ್ರು ನಿಂತಿರುವಾಗ ನಮ್ಮ ಮೂಗನ್ನು ಕೇಳುವವರು ಯಾರು? ದೊಡ್ಡವರ ಮಾತು ಮೀರಿ ನೀರು ಬಿಡುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಇಡೀ ಟ್ಯಾಂಕು ಹುಳಿ ಹೊಡೆದು, ಗಮಟು ವಾಸನೆ ಕಣದವರೆಗೂ ಬರುತ್ತಿತ್ತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವಯಸ್ಸಾದರೂ ಜಂಬ ಬಿಡಲ್ಲ ಈ ಮನುಷ್ಯ ಅಂತ ಮನೆಯಲ್ಲೇ ಕೂಗಾಡಿದೆ. ಆ ಕೊಯ್ಲಿನಲ್ಲಿ ಮಾವ ಮತ್ತೆ ಯಾರ ಟ್ಯಾಂಕಿನ ಹತ್ತಿರವೂ ಹೋಗಲಿಲ್ಲ. ಕರೆದರೆ ಮಂಡಿನೋವು ಅನ್ನುತ್ತಿದ್ದರು.

ಅವರು ತೀರಿಹೋಗಿದ್ದು ಮುಂದಿನ ಮಳೆಗಾಲ ಹಿಡಿಯುವ ಮೊದಲೇ, ನಿದ್ದೆಯಲ್ಲಿ. ನಾವಿಬ್ಬರೂ ಕೊನೆಯದಾಗಿ ಕಾರಿನಲ್ಲಿ ಹೋಗಿದ್ದು ಕಳಸಕ್ಕೆ, ನೆಂಟರ ಮನೆಯ ಗೃಹಪ್ರವೇಶಕ್ಕೆ. ಅದಕ್ಕೆ ಮೊದಲು ಕಾಫಿ ಮೊಗ್ಗು ಅರಳಿಸುವ ಹೂಮಳೆ ಚೆನ್ನಾಗಿ ಬಿದ್ದಿತ್ತು. ವಾಪಸ್ ಬರುವಾಗ ಕಳಸ ದಾಟುತ್ತಲೇ ರಸ್ತೆಯ ಎರಡೂ ಕಡೆ ಕಾಫಿ ಗಿಡ ಬೆಳ್ಳಗೆ ಅರಳಿ ನಿಂತಿತ್ತು. ನಮ್ಮ ಕಡೆಯವರು ವರ್ಷವಿಡೀ ಕಾಯುವುದು ಆ ನಾಲ್ಕು ದಿನದ ಘಮಕ್ಕೆ. ಎಸಿ ಮಾತ್ರ ಬಿಸಿಲಿಗೆ ಭರ್ರೆನ್ನುತ್ತಿತ್ತು, ನಾನು ಅಭ್ಯಾಸಬಲದಿಂದ ಅದನ್ನು ಬೈಯುತ್ತಿದ್ದೆ. ಅಷ್ಟರಲ್ಲಿ ಮಾವ ಮೊಣಕೈ ಒಳಗೆಳೆದುಕೊಂಡು, ಗುಂಡಿ ಒತ್ತಿ, ತಮ್ಮ ಗ್ಲಾಸನ್ನು ತಾವೇ ಏರಿಸಿದರು.

"ತಗೋ. ನಿನ್ನ ರೈಟ್ರು ಆರಾಮಾಗಿ ಕೆಲಸ ಮಾಡ್ಲಿ" ಅಂದರು.

ಮೊದಲು ನನಗೆ ಗೆದ್ದೆ ಅನ್ನಿಸಿತು. ಇಷ್ಟು ವರ್ಷ ಹೊಡೆದಾಡಿದ್ದು ಇದಕ್ಕೇ ತಾನೆ! ಒಂದು ತಿರುವು ದಾಟಿದ ಮೇಲೆ ಯಾಕೋ ತಡೆಯಲಾಗಲಿಲ್ಲ.

"ಮಾವ, ಹೂವು ಬಿಟ್ಟಿದೆ."

"ಕಾಣ್ತಾ ಇದೆ."

"ಈ ಘಮ ಬಿಟ್ಟು ಗ್ಲಾಸ್ ಏರಿಸ್ತಾ ಇದ್ದೀರಲ್ಲ?"

ಅವರು ರಸ್ತೆ ನೋಡುತ್ತಲೇ ಇದ್ದರು. "ಜ್ವರ ಹೋಗ್ತಾ ಅದನ್ನೂ ತಗೊಂಡು ಹೋಯ್ತು ಕಣೇ ಸುಮಿ. ಬರ್ತದೆ, ಬರ್ತದೆ ಅಂತ ಕಾದೆ. ಹೂ ಬಿಟ್ಟಾಗಾದ್ರೂ ಬರ್ಬಹುದು ಅಂದ್ಕೊಂಡಿದ್ದೆ. ಬೆಳಿಗ್ಗೆ ಹೋಗ್ತಾ ಮೂಗು ಹೊರಗೆ ಹಾಕಿ ಕೂತೆ, ಬರೀ ಗಾಳಿ. ಎಸಿ ಗಾಳಿನೂ ಅದೇ, ಇದೂ ಅದೇ. ಸುಮ್ನೆ ನಿನ್ನ ಜೊತೆ ಜಗಳ ಯಾಕೆ?" ಆಮೇಲೆ, "ಯಾರಿಗೂ ಹೇಳ್ಬೇಡ. ಹಮೀದಂಗಂತೂ ಹೇಳಲೇಬೇಡ" ಅಂದರು.

ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಜ್ವರದ ಮೇಲೆ ಬಂತು, ಟ್ಯಾಂಕಿನ ಮುಂದೆ ಆ ಮನುಷ್ಯ ಒಬ್ಬರೇ ಬಗ್ಗಿ ನಿಂತದ್ದನ್ನು ನೆನೆದು ಬಂತು, ಭರ್ರೆನ್ನುತ್ತಿದ್ದ ಆ ದರಿದ್ರ ಎಸಿಯ ಮೇಲೂ ಬಂತು. ನನ್ನ ಬಾಗಿಲಿನ ಗುಂಡಿ ಒತ್ತಿ ಅವರ ಗ್ಲಾಸನ್ನು ಪೂರ್ತಿ ಕೆಳಗಿಳಿಸಿದೆ.

"ಎಂತ ಮಾಡ್ತೀಯೇ?"

"ಸುಮ್ನೆ ಕೂತ್ಕೊಳ್ಳಿ. ವಾಸನೆ ನಾನು ಹೇಳ್ತೀನಿ, ಎಂತದ್ದು ಅಂತ ನೀವು ಹೇಳಿ."

ಕಾರು ನಿಧಾನ ಮಾಡಿದೆ. "ಹೂವಿನ ವಾಸನೆ" ಅಂದೆ.

"ಹೂವಿನ ಮಧ್ಯೆ ನಿಂತು ಹೂವು ಅಂದ್ರೆ ಎಂತ ಹೇಳಿದ ಹಾಗಾಯ್ತು? ಇವತ್ತು ಅರಳಿದ್ದಾ, ನಿನ್ನೇದಾ?"

"ನಂಗೆ ಹೆಂಗೆ ಗೊತ್ತಾಗ್ಬೇಕು?"

"ಉಸಿರು ಎಳ್ಕೊಂಡು ನೋಡು ಮಾರಾಯ್ತಿ."

ಎಳೆದುಕೊಂಡೆ. "ಸ್ವಲ್ಪ ಜೇನಿನ ಹಾಗೆ. ಸ್ವಲ್ಪ ಬಾಡಿದ ಹಾಗೆ."

"ಹಂಗಾದ್ರೆ ನಿನ್ನೇದು" ಅಂದರು. ಮೊಣಕೈ ಮೆಲ್ಲಗೆ ಕಿಟಕಿಯ ಮೇಲೆ ಬಂತು. "ಮುಂದೆ ಹೇಳು."

ಮುಂದೆ ಒಂದು ತೋಟದಲ್ಲಿ ಸಿಲ್ವರ್ ಓಕ್ ಕಡಿಸಿದ್ದರು, ಹಸಿ ಮರದ ವಾಸನೆ ಅಂದೆ, ಒಪ್ಪಿಕೊಂಡರು. ಹಳ್ಳದ ಹತ್ತಿರ ಕೆಸರು ಅಂದೆ, ಅದೂ ಸರಿ. ಜಾವಳಿ ಇನ್ನೇನು ಬಂತು ಅನ್ನುವಾಗ ಒಂದು ಗೇಟಿನ ಮುಂದೆ ಗಪ್ಪೆಂದು ಬಡಿಯಿತು.

"ಸಗಣಿ ಗೊಬ್ಬರ" ಅಂದೆ, ಬಹಳ ಧೈರ್ಯವಾಗಿ.

ಮಾವ ನನ್ನ ಕಡೆ ಪೂರ್ತಿ ತಿರುಗಿದರು. "ಇವರ ಮನೇಲಿ ದನ ಎಲ್ಲಿದ್ದಾವೆ? ವರ್ಷಾ ವರ್ಷ ಬಯಲುಸೀಮೆಯಿಂದ ಲಾರೀಲಿ ಕುರಿಗೊಬ್ಬರ ತರಿಸೋರು ಇವರು. ದನಕ್ಕೂ ಕುರಿಗೂ ವ್ಯತ್ಯಾಸ ಗೊತ್ತಾಗಲ್ವಾ ನಿಂಗೆ? ಥೂ, ಮೂಗು ಅನ್ನೋದೇ ಇಲ್ವಲ್ಲ ಮಾರಾಯ್ತಿ!"

ಮನೆಯ ಗೇಟಿನವರೆಗೂ ಬೈಯುತ್ತಲೇ ಬಂದರು.