ಹಲ್ಲುಪುಡಿಯ ಮುಚ್ಚಿದ ಬಾಯಿ

ದಾರ ಎಳೆದರೆ ಪರದೆ ಪಕ್ಕಕ್ಕೆ ಸರಿಯಬೇಕು. ನಾನು ಎಳೆದಾಗ ಪರದೆ, ಪರದೆ ಹಿಡಿದಿದ್ದ ಕೋಲು, ಕೋಲು ಹಿಡಿದಿದ್ದ ಮೊಳೆ ಎಲ್ಲವೂ ಒಗ್ಗಟ್ಟಾಗಿ ನನ್ನ ತಲೆಯ ಮೇಲೆ ಬಂದವು. ಮುಖ್ಯ ಅತಿಥಿ ಕೈಕೊಟ್ಟಿದ್ದರಿಂದ, ಪತ್ರಿಕೆಗೆ ಆಗಾಗ ತಮಾಷೆ ಬರೆಯುತ್ತೇನೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದರು. ಕೆಂಪು ಬಟ್ಟೆಯೊಳಗೆ ದಿಕ್ಕು ತಪ್ಪಿ, ಸಭೆಗೆಂದು ಕೈಮುಗಿದದ್ದು ಗೋಡೆಗೆ. ಹಿಂದಿನಿಂದ ಕಿಸಕ್ಕೆಂದು ನಕ್ಕ ಸದ್ದು ಕೇಳಿತು. ಮೊದಲು ನಕ್ಕವರು ಯಾರೆಂದು ನೋಡಿದರೆ, ಮುಂದಿನ ಸಾಲಿನಲ್ಲಿ ಕೂತಿದ್ದ ಇಸ್ತ್ರಿ ಅಕ್ಕ. ಆ ಪರದೆಯ ಹಿಂದಿದ್ದದ್ದು ಯುದ್ಧದಲ್ಲಿ ಸತ್ತ ಅವರ ಮಗನ ಚಿತ್ರ. ಅವರಿಗೇ ನಗು ಬಂದ ಮೇಲೆ ಉಳಿದವರಿಗೆ ತಡೆ ಎಲ್ಲಿಯದು? ನಮ್ಮ ಬೀದಿಯ ವಾಚನಾಲಯ ಸ್ಥಾಪನೆಯಾದಾಗಿನಿಂದ ಅಷ್ಟು ಸದ್ದು ಕೇಳಿರಲಿಲ್ಲ.

ಆಮೇಲೆ ಎಲ್ಲರೂ ಗೋಡೆ ನೋಡಿದರು. ನಗು ನಿಂತಿತು.

"ಇದು ನನ್ನ ಮಗ ಅಲ್ಲ," ಎಂದರು ಅಕ್ಕ. "ನನ್ನ ತಮ್ಮ."

ವಾಚನಾಲಯದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಗಾಬರಿಯಿಂದ, "ದುಃಖದಲ್ಲಿ ಹಾಗೆ ಕಾಣುತ್ತಮ್ಮ," ಎಂದರು.

"ದುಃಖಕ್ಕೂ ಇದಕ್ಕೂ ಏನು ಸಂಬಂಧ ಮೇಷ್ಟ್ರೇ? ನನ್ನ ತಮ್ಮ ಸತ್ತೇ ಇಲ್ಲ. ಅಗೋ, ಬಾಗಿಲ ಹತ್ರ ಸಿಗರೇಟು ಸೇದ್ತಾ ನಿಂತಿದ್ದಾನೆ."

ಬಾಗಿಲ ಹತ್ತಿರ ನಿಂತಿದ್ದ ತಮ್ಮ ಗೋಡೆಯನ್ನು ನೋಡಿದ, ತನ್ನ ತುಟಿ ಮುಟ್ಟಿಕೊಂಡ, ಸಿಗರೇಟು ಆರಿಸಿದ.

ತಪ್ಪು ಸ್ಟುಡಿಯೋದವನದು. ಸತ್ತವರ ಚಿತ್ರ ದೊಡ್ಡದು ಮಾಡುವಾಗ ಬಾಯಿ ತೆರೆದಿದ್ದರೆ ಮುಚ್ಚುವುದು ಅವನ ಅಂಗಡಿಯ ಪದ್ಧತಿಯಂತೆ. "ಮೇಷ್ಟ್ರು ಗಂಭೀರವಾಗಿ ಇರಲಿ ಅಂದ್ರು. ಈ ಹುಡುಗಂದು ಯಾವ ಫೋಟೋ ತೆಗೆದ್ರೂ ಹಲ್ಲು. ಮುಚ್ಚಿದ ತುಟಿ ಎಲ್ಲಿಂದ ತರಲಿ? ಮನೆಯವರದ್ದೇ ಆದ್ರೆ ಹೊಂದುತ್ತೆ ಅಂತ ಸೋದರಮಾವಂದು ಹಾಕಿದೆ," ಎಂದ. ಆ ಸೋದರಮಾವನೋ, ಹುಟ್ಟಿದ ದಿನ ಕುಡಿಸಿದ ಹರಳೆಣ್ಣೆಯನ್ನು ಇನ್ನೂ ನುಂಗದವನಂತೆ ಇರುವ ಮನುಷ್ಯ.

ಹುಡುಗನ ಅಡ್ಡಹೆಸರೇ ಹಲ್ಲುಪುಡಿ. ಇಟ್ಟವರು ಇದೇ ಮೇಷ್ಟ್ರು. ಬೈದರೂ ಹಲ್ಲು, ಬೆಂಚಿನ ಮೇಲೆ ನಿಲ್ಲಿಸಿದರೂ ಹಲ್ಲು. "ಹಲ್ಲುಪುಡಿ ಪೊಟ್ಟಣದ ಮೇಲಿನ ಚಿತ್ರದ ಹಾಗೆ ನಿಂತಿದ್ದೀಯಲ್ಲೋ!" ಎಂದು ಅವರು ಒಮ್ಮೆ ಗುಡುಗಿದ್ದೇ ಸಾಕಾಯಿತು. ಅಪ್ಪ ಇಲ್ಲದ ಹುಡುಗ. ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಅಮ್ಮನ ಇಸ್ತ್ರಿ ಅಂಗಡಿ: ಕಂಬಳಿ ಹೊದಿಸಿದ ಒಂದು ಮೇಜು, ಕೆಂಡದ ಪೆಟ್ಟಿಗೆ, ನೀರು ಚಿಮುಕಿಸುವ ಡಬ್ಬಿ, ಗೋಡೆಯುದ್ದಕ್ಕೂ ಊರಿನವರ ಮಾನ ಗಂಟು ಗಂಟಾಗಿ. ಮಗನ ಕೆಲಸ ಮನೆಮನೆಗೆ ಬಟ್ಟೆ ತಲುಪಿಸುವುದು. ಬರೀ ತಲುಪಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಒಮ್ಮೆ ನನ್ನ ಬಿಳಿ ಅಂಗಿ ಮೇಷ್ಟ್ರಿಗೆ, ಮೇಷ್ಟ್ರ ಬಿಳಿ ಅಂಗಿ ನನಗೆ ಕೊಟ್ಟು, ಯಾರಿಗೆ ಮೊದಲು ಗೊತ್ತಾಗುತ್ತದೆಂದು ಕಾದ. ಇಬ್ಬರಿಗೂ ಗೊತ್ತಾಗಲಿಲ್ಲ. ಕೊನೆಗೆ ಬೇಸತ್ತು ಅವನೇ ಬಂದು, "ಮಾವ, ನೀವಿಬ್ಬರೂ ಒಂದೇ ಅಳತೆಗೆ ಊದಿದ್ದೀರಿ," ಎಂದು ಅಂಗಿ ಬದಲಾಯಿಸಿ ಹೋದ. ಇನ್ನೊಮ್ಮೆ ನನ್ನ ಕಾಲರಿಗೆ ಗಂಜಿ ಎಷ್ಟು ಹಾಕಿದ್ದನೆಂದರೆ, ಕತ್ತು ತಿರುಗಿಸಲಾಗದೆ ಆಫೀಸಿನಲ್ಲಿ ಯಾರು ಕರೆದರೂ ಇಡೀ ಮೈ ತಿರುಗಿಸಿ ನಿಲ್ಲಬೇಕಾಯಿತು. ಮ್ಯಾನೇಜರು ಅದನ್ನು ವಿನಯವೆಂದು ತಿಳಿದು, ನನಗೆ ಅದುವರೆಗೆ ಕೊಡದ ಒಂದು ಮುಗುಳ್ನಗೆ ಕೊಟ್ಟರು. ಮರುದಿನ ನಾನೇ ಹೋಗಿ, "ಅದೇ ಥರ ಇನ್ನೊಂದು ಮಾಡ್ಕೊಡೋ," ಎಂದೆ.

"ಅದು ಹಬೆ ಹದವಾಗಿ ಎದ್ದಾಗ ಮಾತ್ರ ಬರೋದು ಮಾವ. ಕಲೆ," ಎಂದ.

ಇಂಥವನು ಸೈನ್ಯಕ್ಕೆ ಸೇರುತ್ತೇನೆಂದಾಗ ಬೀದಿಗೆ ಬೀದಿಯೇ ಶತ್ರುವಿನ ಬಗ್ಗೆ ಮರುಗಿತು. ಅಕ್ಕ ಮಾತ್ರ ಒಂದೇ ದಿಂಬಿನ ಚೀಲವನ್ನು ತಿರುಗಿಸಿ ತಿರುಗಿಸಿ ಉಜ್ಜುತ್ತ ನಿಂತರು. ಹೋಗಿ ತಿಂಗಳಾಗುವುದರಲ್ಲಿ ಫೋನು ಬಂತು: "ಅಮ್ಮಾ, ಈ ಪೆಟ್ಟಿಗೆ ಸಹವಾಸ ಸಾಕು ಅಂತ ಇಷ್ಟು ದೂರ ಓಡಿ ಬಂದೆ. ಇಲ್ಲಿ ನನ್ನ ಪ್ಯಾಂಟಿನ ಗೆರೆ ನೋಡಿದ ಸಾಹೇಬ್ರು ಇಡೀ ತುಕಡಿ ಬಟ್ಟೆ ನನಗೇ ಕೊಟ್ಟಿದ್ದಾರೆ." ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡ ಎಂದು ಅಕ್ಕ ನಕ್ಕರು. ಬಹಳ ದಿನಗಳ ಮೇಲೆ ನಕ್ಕಿದ್ದರು.

ಯುದ್ಧ ಶುರುವಾದ ಮೇಲೆ ಇಸ್ತ್ರಿ ಪೆಟ್ಟಿಗೆ ಬಿಡಿಸಿ ಬಂದೂಕು ಕೊಟ್ಟರು. ಗಡಿಯ ಒಂದು ಗುಡ್ಡದಲ್ಲಿ, ಗಾಯಗೊಂಡ ಗೆಳೆಯನಿಗೆಂದು ನೀರು ಹೊತ್ತು ಹತ್ತುತ್ತಿದ್ದಾಗ ಹತ್ತಿರದಲ್ಲೇ ಶೆಲ್ ಬಿತ್ತು. ಆ ಗೆಳೆಯ ಉಳಿದ. ಅವನೇ ಟ್ರಂಕು ತಂದುಕೊಟ್ಟ. ಒಳಗಿದ್ದ ಸಮವಸ್ತ್ರ ಮುದುಡಿತ್ತು. ಅಕ್ಕ ಅದಕ್ಕೆ ನೀರು ಚಿಮುಕಿಸಿ, ತೋಳು, ಕಾಲರು, ಜೇಬು ಎಲ್ಲ ತಿದ್ದಿ, ಮಡಿಸಿ ಮುಗಿಸಿದರು. ಯಾರ ಮನೆಗೆ ತಲುಪಿಸುವುದೆಂದು ತಿಳಿಯದೆ ಹಾಗೇ ಕೈಯಲ್ಲಿ ಹಿಡಿದುಕೊಂಡು ನಿಂತರು. ನಾನು ಮೆಟ್ಟಿಲಿಳಿಯುತ್ತಿದ್ದವನು ವಾಪಸು ಮೇಲೆ ಹೋದೆ.

ಈಗ ಚಿತ್ರದ ಜಗಳ. ವಾಚನಾಲಯದ ಆ ಗೋಡೆ ರಸ್ತೆಯಾಚೆ ಕಿಟಕಿಯಲ್ಲಿ ನೇರವಾಗಿ ಅಕ್ಕನ ಮೇಜಿಗೆ ಕಾಣುತ್ತದೆ.

"ಮೇಷ್ಟ್ರೇ, ನೀವು ಪೇಪರ್ ಓದಿ ಎದ್ದು ಹೋಗ್ತೀರಿ. ನಾನು ಬೆಳಗಿನಿಂದ ಸಂಜೆವರೆಗೆ ಎದುರಿಗೇ ನಿಂತಿರ್ತೀನಿ. ಆ ಮುಖ ನನ್ನನ್ನ ಗುರುತು ಹಿಡೀಬೇಕಲ್ಲ?"

"ಸರಿಯಮ್ಮ, ಮಾವನ ತುಟಿ ತೆಗೆಸೋಣ. ಆದ್ರೆ ಹಲ್ಲು ಬಿಟ್ಕೊಂಡಿರೋ ಹುತಾತ್ಮನ್ನ ಎಲ್ಲಾದ್ರೂ ನೋಡಿದ್ದೀಯಾ? ಜನ ಏನಂತಾರೆ?"

"ಅವನು ಸತ್ತಿದ್ದಕ್ಕೆ ನಗ್ತಿಲ್ಲ ಮೇಷ್ಟ್ರೇ. ಬದುಕಿದ್ದಾಗ ನಗ್ತಿದ್ದ."

ಮೇಷ್ಟ್ರು ಸೋಲುವ ಜಾತಿಯಲ್ಲ. ಮರುದಿನ ತಮ್ಮ ಮನೆಯ ಹಜಾರದಿಂದ, ಚೌಕಟ್ಟಿನ ಸಮೇತ, ಹಳೆಯ ತರಗತಿಯ ಗುಂಪು ಫೋಟೋ ಹೊತ್ತು ಅಂಗಡಿಗೆ ಬಂದರು. ನಾನು ಅಂಗಿ ಕೊಡಲು ಬಂದಿದ್ದೆ. "ಇಲ್ಲಿ ನೋಡು. ನನ್ನ ಕುರ್ಚಿ ಹಿಂದೆ. ಬಾಯಿ ಮುಚ್ಚಿದ್ದಾನೆ! ಇದನ್ನೇ ದೊಡ್ಡದು ಮಾಡಿಸೋಣ."

ನಿಜವೇ. ಹಲ್ಲುಪುಡಿ ತುಟಿ ಬಿಗಿದು, ಆಕಾಶ ನೋಡುತ್ತ, ಪರಮ ಸಾಧುವಿನಂತೆ ನಿಂತಿದ್ದ. ಅಕ್ಕನ ಮುಖ ಸಣ್ಣದಾಯಿತು. ಕಣ್ಣೊರೆಸಿಕೊಂಡು ಮಗನನ್ನು ಹತ್ತಿರದಿಂದ ನೋಡಲು ಬಾಗಿದರು. ಬಾಗಿದವರು ಹಾಗೇ ನಿಂತರು.

"ಮೇಷ್ಟ್ರೇ, ನಿಮ್ಮ ತಲೆ ಮೇಲೆ ಏನದು?"

"ಏನಿರುತ್ತೆ? ಕೂದಲು."

"ಕೂದಲು ನಿಮಗೆ ಯಾವ ಕಾಲಕ್ಕಿತ್ತು?"

ಮೇಷ್ಟ್ರು ಕನ್ನಡಕ ಏರಿಸಿದರು. ಅವರ ಬೋಳು ನೆತ್ತಿಯ ಮೇಲೆ, ಹಿಂದಿನಿಂದ ಬಂದ ಎರಡು ಬೆರಳು ಚೊಕ್ಕವಾಗಿ ಕೊಂಬಿನಂತೆ ನಿಂತಿದ್ದವು. ತುಟಿ ಬಿಗಿದದ್ದು ಯಾಕೆಂದು ಈಗ ತಿಳಿಯಿತು.

"ಇಷ್ಟು ವರ್ಷ... ಹಜಾರದಲ್ಲಿ... ಬಂದವರೆಲ್ಲ ನೋಡಿದ್ದಾರೆ," ಎಂದು ಮೇಷ್ಟ್ರು ತೊದಲಿದರು. "ನನ್ನ ಹೆಂಡತಿ ದಿನಾ ಇದನ್ನ ಒರೆಸ್ತಾಳೆ. ಒಂದು ದಿನವೂ ಹೇಳಲಿಲ್ಲ!"

"ಅವರಿಗೆ ಹೊಸದು ಅನ್ನಿಸಿರಲಿಕ್ಕಿಲ್ಲ ಸಾರ್," ಎಂದೆ.

ಮೇಷ್ಟ್ರು ನನ್ನನ್ನು ಸುಡುವಂತೆ ನೋಡಿದರು, ಫೋಟೋ ನೋಡಿದರು, ಮತ್ತೆ ಫೋಟೋ ನೋಡಿದರು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಭುಜ. ನಗುತ್ತಿದ್ದಾರೋ ಅಳುತ್ತಿದ್ದಾರೋ ಎಂದು ಅವರಿಗೇ ತೀರ್ಮಾನ ಆಗಿರಲಿಲ್ಲ. ಅಕ್ಕ ಒಗೆದ ಕರವಸ್ತ್ರ ಕೊಟ್ಟರು. ಯಾರೋ ಗಿರಾಕಿಯದು.

"ಹಾಕ್ಸಮ್ಮ," ಎಂದರು ಮೇಷ್ಟ್ರು ಮೂಗೊರೆಸಿಕೊಂಡು. "ಹಲ್ಲೇ ಹಾಕ್ಸು. ಬಾಯಿ ಮುಚ್ಚಿದ್ರೆ ಇವನು ಇನ್ನೂ ಅಪಾಯ."

ಭಾನುವಾರ ಮೇಷ್ಟ್ರೇ ಏಣಿ ಹತ್ತಿ ಚಿತ್ರ ತೂಗುಹಾಕಿದರು. ನನ್ನನ್ನು ಮೊಳೆಯ ಹತ್ತಿರಕ್ಕೆ ಬಿಡಲಿಲ್ಲ. ಮೇಲಿನ ಸಾಲಿನಲ್ಲಿ ಮುರಿದ ಒಂದು ಹಲ್ಲಿನ ಸಮೇತ ಅವನು ನಗುತ್ತಿದ್ದ. ರಸ್ತೆಯಾಚೆಯಿಂದ ಅಕ್ಕ ಪೆಟ್ಟಿಗೆ ಎತ್ತಿ ಹಿಡಿದು, ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ ಎಂದು ಸನ್ನೆ ಮಾಡುತ್ತಿದ್ದರು. "ಅಲ್ಲಯ್ಯಾ, ಸೈನ್ಯದಲ್ಲಾದ್ರೂ ಒಂದು ನೆಟ್ಟಗಿರೋ ಫೋಟೋ ತೆಗೆಸಿರಲಿಲ್ವಾ ಇವನು?" ಎಂದು ಮೇಷ್ಟ್ರು ಏಣಿಯ ಮೇಲಿಂದ ಕೇಳಿದರು.

ಅದನ್ನೇ ನಾನೂ ಅವನು ಕೊನೆಯ ಸಲ ರಜೆಗೆ ಬಂದಿದ್ದಾಗ ಕೇಳಿದ್ದೆ. ಅಮ್ಮನನ್ನು ಕೂರಿಸಿ ತಾನೇ ಮೇಜಿನ ಹಿಂದೆ ನಿಂತು ನನ್ನ ಅಂಗಿಯ ತೋಳು ಉಜ್ಜುತ್ತಿದ್ದವನು, ತಲೆ ಎತ್ತದೆ ಹೇಳಿದ:

"ಗುರುತಿನ ಚೀಟಿಗೆ ಬಾಯಿ ಮುಚ್ಚಿ ಒಂದು ತೆಗೆಸಿದ್ದೆ ಮಾವ. ಗೇಟಿನವನು ಇದು ನೀನಲ್ಲ ಅಂತ ಒಳಗೇ ಬಿಡಲಿಲ್ಲ."