ಗುಡ್ಡದ ದಾರಿಗೆ ನನ್ನ ಬಾಯಿ ಅಡ್ಡ ಬಂದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ಬೆರಳು ತೋರಿಸುವ ತ್ರಾಸು ಬೇಡ. ರಾಣೆಬೆನ್ನೂರಿನಿಂದ ಹಲಗೇರಿ ಕಡೆ ಹೊರಟರೆ ಸಿಗುವ ಒಂದು ಗುಡ್ಡಕ್ಕೆ ನಾವೊಂದಿಷ್ಟು ಮಂದಿ ಬೆವರು ಸುರಿಸಿ ಕಾಲುದಾರಿ ಮಾಡಿದೆವು. ಅದು ಎರಡು ಸಲ ಮಳೆಗೆ ಕೊಚ್ಚಿಕೊಂಡು ಹೋಯಿತು. ಹೀಗಾಗುತ್ತದೆ ಎಂದು ಒಬ್ಬಾಕೆ ಮೊದಲೇ ಹೇಳಿ ಕಳಿಸಿದ್ದಳು. ಹೇಳಿ ಕಳಿಸಿದ್ದು ನನ್ನ ಕೈಯಲ್ಲಿ. ನಾನು ಮುಟ್ಟಿಸಲಿಲ್ಲವೇ? ಮುಟ್ಟಿಸಿದೆ. ಚಪ್ಪಾಳೆ ಬೀಳುವ ಹಾಗೆ ಮುಟ್ಟಿಸಿದೆ. ತಪ್ಪಾದದ್ದೇ ಅಲ್ಲಿ.

ನನ್ನ ಕಸುಬು ಬೀಜದ ಅಂಗಡಿಯಲ್ಲಿ ಗಿರಾಕಿಗಳಿಗೆ ಪಾಕೀಟು ಕೊಡುವುದು. ಚಟ, ಆ ಗಿರಾಕಿಗಳ ದನಿ ತೆಗೆಯುವುದು. ಹಾವೇರಿಯಿಂದ ಕರ್ಜಗಿಗೆ ಹೋಗುವ ಬಸ್ಸಿನ ಕಂಡಕ್ಟರು, ನಮ್ಮ ಅಂಗಡಿ ಮಾಲಕರು, ಮಾಲಕರ ಎದುರು ಕೈಕಟ್ಟಿ ನಿಂತ ನಾನು, ಎಲ್ಲರನ್ನೂ ಮಾಡಿ ತೋರಿಸುತ್ತೇನೆ. ನನ್ನದೇ ಎಲ್ಲಕ್ಕಿಂತ ಚೆಂದ ಬರುತ್ತದೆ, ಯಾಕೆಂದರೆ ಅದರಲ್ಲಿ ಬರೀ ಹಲ್ಲು ಕಿರಿಯುವುದಷ್ಟೇ ಕೆಲಸ.

ನಮ್ಮ ಭಾನುವಾರದ ದಂಡಿನ ಮುಖಂಡರು ನಿವೃತ್ತ ಡ್ರಿಲ್ ಮಾಸ್ತರರು. ಅವರ ಮನೆಯವರು, ಓಣಿಯ ಇನ್ನಷ್ಟು ಹೆಂಗಸರು, ದಿನಾ ಮುಂಜಾನೆ ಬೈಪಾಸ್ ರಸ್ತೆಯ ಅಂಚಿನಲ್ಲಿ ವಾಕಿಂಗ್ ಹೋಗುತ್ತಿದ್ದರು. ಒಂದು ದಿನ ಲಾರಿಯೊಂದರ ಕನ್ನಡಿ ಮಾಸ್ತರರ ಮನೆಯವರ ಭುಜವನ್ನು ಸವರಿಕೊಂಡು ಹೋಯಿತು. ಸೆರಗು ಹರಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಮಾಸ್ತರರು ಅವತ್ತು ಸಂಜೆಯೇ ಪೇಟೆಗೆ ಹೋಗಿ ಗುದ್ದಲಿ ಕೊಂಡು ತಂದರು. ಲಾರಿ ಇಲ್ಲದ ದಾರಿಯೊಂದು ಬೇಕಿತ್ತು, ಅದು ಈ ಗುಡ್ಡದ ಮೇಲಿತ್ತು.

ಇನ್ನೊಬ್ಬರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ, ನಮಗೆಲ್ಲ ಸಾವ್ಕಾರ್ರು. ಡಾಕ್ಟರು ನಡೆಯಿರಿ ಅಂದಿದ್ದಕ್ಕೆ ಅಷ್ಟು ದೂರದಿಂದ ಕಾರಿನಲ್ಲಿ ಬಂದು ಇಲ್ಲಿ ನಡೆಯುತ್ತಾರೆ. ಮೆಣಸಿನಕಾಯಿ ಚೀಲಗಳ ನಡುವೆ ಹುಟ್ಟಿ ಬೆಳೆದ ಮೂಗು, ಗುಡ್ಡದ ಹುಲ್ಲುಹೂವಿಗೆ ಸಾಲಾಗಿ ಹನ್ನೊಂದು ಸೀನು ಸೀನುತ್ತದೆ. ನಾನು ಅದನ್ನು ಹನ್ನೆರಡು ಮಾಡಿ ತೋರಿಸಿದರೆ ಸಾವ್ಕಾರ್ರು, “ಲೇ, ಒಂದು ಹೆಚ್ಚಾತು!” ಅಂತ ತಕರಾರು ತೆಗೆಯುತ್ತಾರೆ.

ಮಾಸ್ತರರಿಗೆ ಜೀವನದಲ್ಲಿ ಗೊತ್ತಿದ್ದದ್ದು ಒಂದೇ ಗೆರೆ, ನೆಟ್ಟಗಿನ ಗೆರೆ. ಗುಡ್ಡದ ನೆತ್ತಿಯಿಂದ ಬುಡದ ಕೆರೆಯ ತನಕ ಹಗ್ಗ ಎಳೆಸಿದರು, ಸುಣ್ಣ ಹಾಕಿಸಿದರು. “ಹಗ್ಗ ಬಿಟ್ಟು ಒಂದು ಗೇಣು ಆಚೀಚಿ ಅಗದ್ರ ನೋಡು ಮತ್ತ!” ನಾವು ಅಗೆದೆವು. ನಾನು ಸಲಿಕೆಯನ್ನು ಮೈಕಿನಂತೆ ಹಿಡಿದದ್ದೇ ಹೆಚ್ಚು ಅನ್ನುವವರಿದ್ದಾರೆ, ಅವರ ಮಾತು ಖರೇನೇ.

ಆ ಕೆರೆಗೆ ಒಬ್ಬ ಅವ್ವ ದಿನಾ ಕುರಿಗಳನ್ನು ನೀರಿಗೆ ತರುತ್ತಾಳೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಬಾಯಲ್ಲಿ ಎಲೆಅಡಿಕೆ. ನಾನು ಕೊಡ ತುಂಬಿಸಲು ಇಳಿದಾಗ ಕರೆದಳು.

“ತಮ್ಮಾ, ನಿಮ್ಮ ಮಾಸ್ತರ್ಗ ಹೇಳು. ಗುಡ್ಡಾನ ಹಿಂಗ ನೆಟ್ಟಗ ಸೀಳಬ್ಯಾಡ್ರಿ ಅಂತ. ಮ್ಯಾಲಿನ ನೀರು ಇಳಿಯಾಕ ದಾರಿ ಹುಡುಕಾಕತ್ತಿರತೈತಿ. ನೀವ ತೋರಿಸಿಕೊಟ್ರ ಅದ ಸುಮ್ನ ಬಿಡತೈತೇನು?”

ಏನು ದನಿ! ಏನು ಏರಿಳಿತ! ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಹೋಗುವ ಆ ಸಣ್ಣ ತಡವರಿಕೆ! ನಾನು ಕೊಡ ಅಲ್ಲೇ ಬಿಟ್ಟು ಗುಡ್ಡ ಹತ್ತಿದೆ. ಟವೆಲ್ಲು ಹೆಗಲಿಗೆ, ಗುದ್ದಲಿ ಕಾವು ಕೈಗೆ, ಬಾಯಿಗೆ ಒಂದು ಬೇವಿನ ಎಲೆ. ಅಕ್ಷರ ಬಿಡದಂತೆ ಹೇಳಿದೆ. ಸಾವ್ಕಾರ್ರು ನಕ್ಕು ನಕ್ಕು ಕಲ್ಲಿನ ಮೇಲೆ ಕುಸಿದರು. ಮಾಸ್ತರರೂ ಕಣ್ಣೊರೆಸಿಕೊಂಡರು. “ಇನ್ನೊಮ್ಮೆ ಮಾಡೋ!” ಅಂದರು, ಮಾಡಿದೆ. ಆಕೆ ಏನು ಹೇಳಿದ್ದಳು ಅನ್ನುವುದು ಒಬ್ಬರ ಕಿವಿಗೂ ಬೀಳಲಿಲ್ಲ. ಬೇವಿನ ಕಹಿಗೆ ಮುಖ ಹಿಂಡಿಕೊಂಡಿದ್ದ ನನ್ನ ಕಿವಿಗೂ.

ಮೊದಲ ದೊಡ್ಡ ಮಳೆಗೆ ದಾರಿ ಕೊರಕಲಾಯಿತು. ಕೆರೆಯ ನೀರಿನೊಳಗೆ ಕೆಮ್ಮಣ್ಣು ನಾಲಿಗೆ ಚಾಚಿತ್ತು. ನಾವು ಎದೆಗುಂದಲಿಲ್ಲ, ಅದೇ ಗೆರೆಗೆ ಕಲ್ಲಿನ ಮೆಟ್ಟಿಲು ಕೂಡಿಸಿದೆವು. ಎರಡನೆಯ ಮಳೆ ಮೆಟ್ಟಿಲುಗಳನ್ನೂ ಹೊತ್ತು ತಂದು ಕೆರೆಯ ದಂಡೆಗೆ ಒಪ್ಪವಾಗಿ ಇಳಿಸಿತು. ಆಗ ಅರಣ್ಯ ಇಲಾಖೆಯ ಗಾರ್ಡ್ ಸಾಹೇಬರು ಬಂದರು. ಫೋನಿನಲ್ಲಿ ಮನೆಯವರ ಜೊತೆ ಮೆತ್ತಗೆ ಉರ್ದು ಮಾತಾಡುತ್ತಾರೆ, ನಮ್ಮನ್ನು ಬೈಯುವುದಕ್ಕೆ ಮಾತ್ರ ಕನ್ನಡ ಇಟ್ಟುಕೊಂಡಿದ್ದಾರೆ.

“ಮಾಸ್ತರ್ರ, ನಿಮ್ಮ ಮ್ಯಾಲಿನ ಮರ್ಯಾದಿಗೆ ಹೂಂ ಅಂದಿದ್ದೆ. ಕೆರಿ ತುಂಬಾಕ ಬರಾಕತ್ತೈತಿ, ನೀರಿನಿಂದಲ್ಲ, ನಿಮ್ಮ ಮಣ್ಣಿನಿಂದ! ಮುಂದಿನ ಮಳಿಗೆ ಒಂದು ಪುಟ್ಟಿ ಮಣ್ಣು ಇಳೀತಂದ್ರ ಮುಳ್ಳು ಬಡದು ದಾರಿ ಬಂದ್ ಮಾಡ್ತೇನಿ.”

ಮುಳ್ಳು ಬಿದ್ದರೆ ಹೆಂಗಸರೆಲ್ಲ ಮತ್ತೆ ಲಾರಿಗಳ ಪಕ್ಕಕ್ಕೆ. ಮಾಸ್ತರರು ಗುದ್ದಲಿಯನ್ನು ಅಲ್ಲೇ ಬಿಟ್ಟು ಮನೆಗೆ ನಡೆದರು. ನಮಗೆ ಹೆದರಿಕೆ ಆದದ್ದು ಅದಕ್ಕೇ.

ಮುಂದಿನ ಭಾನುವಾರ ದೇವರಗುಡ್ಡದ ಕಡೆಯಿಂದ ಮೋಡ ಏಳುತ್ತಿತ್ತು. ಮಾಸ್ತರರು ಕೊರಕಲಿನ ಅಂಚಿಗೆ ಕೂತು, “ಏನರ ಮಾಡಿ ತೋರಸೋ. ಮನಸ್ಸು ಹಗುರ ಆಗಲಿ. ಆ ಕುರಿ ಅವ್ವಂದು ಮಾಡು,” ಅಂದರು. ಮಾಡಿದೆ. ಈ ಸಲ ಯಾರೂ ನಗಲಿಲ್ಲ. ಪ್ರೇಕ್ಷಕರು ಕೆಟ್ಟಿದ್ದಾರೆ ಅಂದುಕೊಂಡು ದನಿ ಇನ್ನಷ್ಟು ಏರಿಸಿದೆ.

“ತಡಿ,” ಅಂದರು ಮಾಸ್ತರರು. “ದನಿ ಬಿಡು. ಮಾತು ಅಷ್ಟ ಹೇಳು.”

ನನ್ನ ಸ್ವಂತ ದನಿಯಲ್ಲಿ ಹೇಳಬೇಕಾಯಿತು. ಅದು ಎಲ್ಲಿದೆ ಅಂತ ಹುಡುಕುವುದಕ್ಕೇ ಒಂದು ಗಳಿಗೆ ಹಿಡಿಯಿತು. “ನೆಟ್ಟಗ ಸೀಳಬ್ಯಾಡ್ರಿ ಅಂದ್ಲುರೀ. ನೀರಿಗೆ ನಾವ ದಾರಿ ತೋರಿಸಿದಂಗ ಆಗತೈತಿ ಅಂತ.”

“ಇದನ್ನ ಯಾವಾಗ ಹೇಳಿದ್ಲು?”

“ಹಗ್ಗ ಎಳದ ದಿನಾನ.”

ಸಾವ್ಕಾರ್ರಿಗೆ ಬರುತ್ತಿದ್ದ ಸೀನು ಅಲ್ಲೇ ನಿಂತಿತು. ಮಾಸ್ತರರು ಎದ್ದವರೇ ಕೆರೆಯ ಕಡೆ ಓಡಿದರು. ಅರವತ್ತು ದಾಟಿದ ಮನುಷ್ಯ ಹಾಗೆ ಓಡುವುದನ್ನು ನಾನು ಇನ್ನೂ ಮಾಡಿ ತೋರಿಸಿಲ್ಲ, ನನ್ನ ಮೊಣಕಾಲಿಗೆ ಆಗುವುದಿಲ್ಲ. ನಾನೂ ಸಾವ್ಕಾರ್ರೂ ಬೆನ್ನಿಗೆ ಬಿದ್ದೆವು.

ಅವ್ವ ನಮ್ಮನ್ನು ಬೈಯಲೂ ಇಲ್ಲ. “ನಮ್ಮ ಕುರಿ ಮ್ಯಾಲೆ ಹ್ಯಾಂಗ ಹೋಗ್ತಾವ ನೋಡ್ರಿ,” ಅಂದಳು, ಹಿಂಡನ್ನು ಬಿಟ್ಟಳು. ಕುರಿಗಳು ಗುಡ್ಡದ ಎದೆಗೆ ಹೋಗಲಿಲ್ಲ. ಪಕ್ಕೆಗೆ ತಿರುಗಿದವು, ಒಂದರ ಹಿಂದೆ ಒಂದು, ಹೌದೋ ಅಲ್ಲವೋ ಅನ್ನುವಷ್ಟು ಏರುತ್ತ, ಬಂಡೆ ಬಂದಲ್ಲಿ ಸುತ್ತು ಹಾಕುತ್ತ. ಕಾಲಿಟ್ಟಲ್ಲೆಲ್ಲ ಗೇಣಗಲದ ಹಳೆಯ ಜಾಡು. ಎರಡು ದೊಡ್ಡ ಮಳೆ ಕಂಡ ಜಾಡು, ಒಂದು ಹೆಂಟೆ ಮಣ್ಣೂ ಕದಲಿರಲಿಲ್ಲ!

“ಸುಣ್ಣ ತಾ!” ಮಾಸ್ತರರು ಕೂಗಿದರು. ಮುಂದೆ ಕುರಿ, ಹಿಂದೆ ಡಬ್ಬಿ ಹಿಡಿದು ಸುಣ್ಣ ಸುರಿಯುವ ನಾನು, ನನ್ನ ಹಿಂದೆ ಹೊಸ ಬೂಟಿನಲ್ಲಿ ಹಿಕ್ಕೆ ತುಳಿದು “ಅಯ್ಯಯ್ಯೋ” ಅನ್ನುವ ಸಾವ್ಕಾರ್ರು, ಎಲ್ಲರ ಹಿಂದೆ ಸೊಟ್ಟ ಗೆರೆಯನ್ನು ನೋಡಿ ಹಲ್ಲು ಕಚ್ಚುವ ಮಾಸ್ತರರು. ಒಂದು ಕುರಿಯಂತೂ ನಿಂತು, ಹಿಂದಿರುಗಿ, ನನ್ನ ಡಬ್ಬಿಗೆ ಮೂಗು ಹಾಕಿ ಸೀನಿತು. ಸಾವ್ಕಾರ್ರ ಸೀನಿನಂತೆಯೇ ಇತ್ತು, ಆದರೆ ಅವತ್ತು ನಾನು ಅದನ್ನು ಮಾಡಿ ತೋರಿಸಲಿಲ್ಲ.

ಆಮೇಲೆ ಮೂರು ದಿನ ಯಾರೂ ಭಾನುವಾರಕ್ಕೆ ಕಾಯಲಿಲ್ಲ. ಮುಂಜಾನೆ ಐದೂವರೆಗೆ ಹೆಂಗಸರೂ ಪುಟ್ಟಿ ಹಿಡಿದು ಬಂದರು. ಜಾಡನ್ನು ಎರಡು ಗೇಣು ಅಗಲ ಮಾಡಿದೆವು. “ದಾರಿ ಇಳಿಜಾರಿನ ಕಡೀಗೆ ಚೂರು ವಾಲಿರಲಿ, ನೀರಿಗೆ ಕುಂದ್ರಾಕ ಜಾಗ ಕೊಡಬ್ಯಾಡ್ರಿ,” ಅಂತ ಅವ್ವ ಕೋಲಿನಿಂದ ತೋರಿಸುತ್ತಿದ್ದಳು. ನಮ್ಮ ಹಳೆಯ ನೆಟ್ಟಗಿನ ಕೊರಕಲಿಗೆ ಹತ್ತತ್ತು ಹೆಜ್ಜೆಗೆ ಅಡ್ಡ ಕಲ್ಲು ಕಟ್ಟಿದೆವು. ಆ ಕಲ್ಲುಗಳನ್ನು ಮಾಸ್ತರರು ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ. ತಾವು ಹಾಕಿಸಿದ ಗೆರೆಯನ್ನು ತಾವೇ ಮುಚ್ಚಿದರು.

ಬುಧವಾರ ಮಧ್ಯಾಹ್ನ ಆಕಾಶ ಹರಿದು ಬಿತ್ತು. ನಾನು ಮಾಲಕರಿಗೆ ಹೊಟ್ಟೆನೋವಿನ ದನಿ ಮಾಡಿ ತೋರಿಸಿ ಬೈಕ್ ಹತ್ತಿದೆ. ಹೋಗಿ ನೋಡಿದರೆ ಮಾಸ್ತರರು ಛತ್ರಿಯಿಲ್ಲದೆ ನಿಂತಿದ್ದಾರೆ, ಸಾವ್ಕಾರ್ರ ಕಾರು ಕೆಸರಿನಲ್ಲಿದೆ, ಗಾರ್ಡ್ ಸಾಹೇಬರು ರೇನ್‌ಕೋಟಿನಲ್ಲಿ ಕೆರೆಯ ದಂಡೆಗಿದ್ದಾರೆ. ಅವ್ವ ತಲೆಯ ಮೇಲಿಂದ ಹೊದ್ದ ಕಂಬಳಿಯ ಗೊಪ್ಪೆಯೊಳಗೆ. ಮೇಲಿನಿಂದ ನೀರು ಬಂತು! ಬಂತು, ದಾರಿಯನ್ನು ಮುಟ್ಟಿತು, ತೆಳ್ಳಗೆ ಹರಡಿಕೊಂಡು ದಾಟಿತು, ಹುಲ್ಲಿನೊಳಗೆ ಹೋಯಿತು. ಮತ್ತೆ ಬಂತು, ಮತ್ತೆ ದಾಟಿತು. ನಾವು ಕ್ರಿಕೆಟ್ ಮ್ಯಾಚಿನ ಕೊನೆಯ ಓವರಿನಂತೆ ಚೀರುತ್ತಿದ್ದೆವು. ಕೊರಕಲಿನ ಕಲ್ಲುಗಳ ಹಿಂದೆ ಮಣ್ಣು ನಿಂತಿತು, ನೀರಷ್ಟೇ ಸೋರಿತು. ಮಳೆ ನಿಂತ ಮೇಲೆ ಸಾಹೇಬರು ಕೆರೆಯ ಅಂಚಿನುದ್ದಕ್ಕೂ ಬಗ್ಗಿ ನೋಡುತ್ತ ನಡೆದರು. ಕೆಂಪು ನಾಲಿಗೆ ಇರಲಿಲ್ಲ.

“ಮುಳ್ಳು ಬ್ಯಾಡ,” ಅಂದರು. “ನಾಳಿಂದ ಅಕ್ಕಾರಿಗೆ ಇಲ್ಲೇ ಅಡ್ಡಾಡಾಕ ಹೇಳ್ರಿ, ಮಾಸ್ತರ್ರ.”

ಮಾಸ್ತರರು ತಕ್ಷಣ ಮನೆಗೆ ಫೋನು ಹಚ್ಚಿದರು. ಆ ಕಡೆಯಿಂದ ಏನು ಬಂತೋ, ಇವರು ಮಾತ್ರ ಒದ್ದೆ ಮುಖದಲ್ಲಿ “ಹೂಂ… ಹೂಂ… ಚಪ್ಪಲಿ ಬ್ಯಾಡ, ಬೂಟು ಹಾಕ್ಕೊಂಡು ಬಾ,” ಅನ್ನುತ್ತಿದ್ದರು.

“ಯಾರ ತಲಿ ಇದು?” ಸಾಹೇಬರು ಕೇಳಿದರು. ಸಾವ್ಕಾರ್ರು ತಾವು ಹೊತ್ತ ಕಲ್ಲುಗಳ ವರ್ಣನೆ ಶುರು ಮಾಡಿದರು. ನಾನು ಸುಮ್ಮನಿರುವ ಕುಲವೇ? ಎದೆ ಸೆಟೆಸಿ ಮುಂದೆ ಹೋದೆ. “ಸಾಹೇಬ್ರ, ನೀರಿಗೆ ದಾರಿ ತೋರಿಸಬ್ಯಾಡ್ರಿ ಅಂತ ಇವರಿಗೆ ಎಲ್ಲಾರಕ್ಕಿಂತ ಮೊದಲ ಹೇಳಿದಾವ ನಾನ. ಬೇಕಾರ ಅವ್ವನ್ನ ಕೇಳ್ರಿ.”

ಅವ್ವ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡಳು.

“ಹೇಳಿದ್ದಿ ಖರೇ, ತಮ್ಮಾ. ತಿಳಿಯೂವಂಗ ಹೇಳಿದ್ದು ಮಳಿ.”