ಸಾಹೇಬರ ಬೆಂಚು

ಗೆಳೆಯರೇ, ಹೋದ ವಾರ ತೀರಿಕೊಂಡ ನಮ್ಮೂರ ಸಹಕಾರಿ ಬ್ಯಾಂಕಿನ ಹಳೇ ಅಧ್ಯಕ್ಷರಿಗೆ ಇವತ್ತು ಬ್ಯಾಂಕಿನಲ್ಲೇ ನುಡಿನಮನ ಇತ್ತು. ಬ್ಯಾಂಕು ಕಟ್ಟಿದವರೂ ಅವರೇ, ಪುರಸಭೆ ನಡೆಸಿದವರೂ ಅವರೇ. ಕಾಯಿಪಲ್ಲೆ ಮಾರುವ ಹೆಂಗಸರು ಬ್ಯಾಂಕಿನ ಬಾಗಿಲಲ್ಲಿ ನೆಲದ ಮೇಲೆ ಕೂರುವುದನ್ನು ನೋಡಲಾಗದೆ, ತಮ್ಮ ಮನೆಯ ಸಾಗವಾನಿ ಬೆಂಚನ್ನೇ ತಂದು ಕೌಂಟರಿನ ಮುಂದೆ ಹಾಕಿಸಿದ್ದರು.

ಇವತ್ತು ಅದೇ ಬೆಂಚಿಗೆ ಬಿಳಿ ಬಟ್ಟೆ ಹಾಸಿ, ಒಂದು ತುದಿಗೆ ಅವರ ಫೋಟೋ ಇಟ್ಟು ಹಾರ ಹಾಕಿದ್ದರು. ಮೆಂತೆಪಲ್ಲೆ ಮಾರುವ ಆಡೂರಿನ ತಾಯವ್ವ ಬಂದಳು. ಫೋಟೋಗೆ ಕೈಮುಗಿದು, ಇಪ್ಪತ್ತು ವರ್ಷದ ರೂಢಿಯಂತೆ ಬೆಂಚಿನ ಇನ್ನೊಂದು ತುದಿಗೆ ಕುಳಿತಳು.

ಈಗಿನ ಅಧ್ಯಕ್ಷರು ಓಡಿ ಬಂದರು. “ಏ ಮುದುಕಿ, ಏಳ ಮ್ಯಾಲ! ಸಾಹೇಬ್ರ ಫೋಟೋ ಐತಿ, ಕಾಣಂಗಿಲ್ಲೇನ?”

“ನನ್ನ ಇಲ್ಲಿ ಕುಂದ್ರಿಸಿದವ್ರು ಅವರ ಅಲ್ಲೇನ್ರಿ?” ಎನ್ನುತ್ತಲೇ ತಾಯವ್ವ ಎದ್ದಳು.

ಆಮೇಲೆ ಅದೇ ಅಧ್ಯಕ್ಷರು ಮೈಕ್ ಹಿಡಿದು, “ಬಡವ್ರಿಗೆ ಬ್ಯಾಂಕಿನ್ಯಾಗ ಕುಂದ್ರಾಕ ಜಾಗಾ ಮಾಡಿಕೊಟ್ಟ ಪುಣ್ಯಾತ್ಮರು” ಎಂದು ಕಣ್ಣೊರೆಸಿಕೊಂಡರು. ತಾಯವ್ವ ಅದನ್ನು ಗೋಡೆಗೆ ಒರಗಿ ನಿಂತು ಕೇಳಿದಳು. ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ನಾನೂ ಎದ್ದು ಜಾಗ ಬಿಡಲಿಲ್ಲ, ಅದನ್ನೂ ಬರೆದುಬಿಡುತ್ತೇನೆ.

ಫೋಟೋ ಇನ್ನು ಕಾಯಂ ಆ ಬೆಂಚಿನ ಮೇಲೆಯೇ ಇರುತ್ತದಂತೆ. ನಮ್ಮ ಬ್ಯಾಂಕಿನಲ್ಲಿ ಕೂರಬೇಕೆಂದರೆ ಇನ್ನು ಮೇಲೆ ಸತ್ತೇ ಬರಬೇಕು.